ಸಿರಿಯವ್ವೆಯ ತವರು

೧೯೦೯ನೆಯ ಇಸವಿ. ಶಾಸನಗಳನ್ನು ಹುಡುಕಿ ಪ್ರತಿ ಮಾಡುವ ಸರ್ಕಾರಿ ಕೆಲಸದಲ್ಲಿ ನಾನು ಎರಡನೆಯ ದರ್ಜೆಯ ಸಹಾಯಕ. ವಯಸ್ಸು ಮೂವತ್ತೊಂದು, ಕ್ಯಾಂಪ್ ಚಳ್ಳಕೆರೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ತಾಲ್ಲೂಕುಗಳ ಕಲ್ಲುಗಳು ನನ್ನ ಪಾಲಿಗೆ ಬಂದಿದ್ದವು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಅಶೋಕನ ಬರಹ ಸಿಕ್ಕಿದ ಮೇಲೆ ಆ ಸೀಮೆಯ ಯಾವ ಬಂಡೆಯ ಸುದ್ದಿ ಬಂದರೂ ನಮ್ಮ ಮೇಲಧಿಕಾರಿಗಳಿಗೆ ಆಸೆ ಹುಟ್ಟುತ್ತಿತ್ತು. ನನಗೆ ಆಸೆಗಿಂತ ಗರ್ವ ಹೆಚ್ಚು. ಮನುಷ್ಯರು ಸುಳ್ಳು ಹೇಳುತ್ತಾರೆ, ಕಲ್ಲು ಹೇಳುವುದಿಲ್ಲ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಆ ವರ್ಷದ ಬೇಸಿಗೆಯಲ್ಲಿ ಬಂದ ಒಂದು ಪ್ರಕರಣದ ನಂತರ ಆ ಮಾತು ಆಡುವುದನ್ನು ಬಿಟ್ಟೆ.

ಮೊಳಕಾಲ್ಮೂರಿನ ಅಮಲ್ದಾರರ ಕಚೇರಿಯಿಂದ ಒಂದು ಕಾಗದ ಬಂತು. ಅದರಲ್ಲಿದ್ದ ಪ್ರಶ್ನೆ ವಿಚಿತ್ರವಾಗಿತ್ತು. ಸುಮಾರು ಐದು ನೂರು ವರ್ಷಗಳ ಹಿಂದೆ ಬದುಕಿದ್ದ ಸಿದ್ಧಪಂಡಿತ ಎಂಬ ವಿದ್ವಾಂಸನ ತಾಯಿ ಯಾವ ಮನೆಯ ಹೆಣ್ಣುಮಗಳು, ಆಧಾರ ಪರಿಶೀಲಿಸಿ ಅಭಿಪ್ರಾಯ ಕೊಡಿ, ಎಂದಿತ್ತು.

ಸಿದ್ಧಪಂಡಿತನ ಹೆಸರು ಆ ಸೀಮೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಮಾತ್ರ ಅವನು ದೇವರ ಸಮಾನ. ಬೆಟ್ಟದ ಸೊಪ್ಪು ಬೇರುಗಳ ಗುಣಗಳನ್ನು ಪದ್ಯದಲ್ಲಿ ಬರೆದಿಟ್ಟ ವೈದ್ಯ ಅವನು. ಕೊಂಡ್ಲಹಳ್ಳಿಯಿಂದಾಚೆಗೆ ಒಂದು ಊರಿನಲ್ಲಿ ಅವನ ಗದ್ದಿಗೆ, ಅಂದರೆ ಸಮಾಧಿ, ಇತ್ತು. ಊರಿನ ಹೆಸರು ಇಲ್ಲಿ ಬೇಡ. ಗದ್ದಿಗೆಯ ಪ್ರಾಕಾರದೊಳಗೆ ಮೊಣಕಾಲೆತ್ತರದ ಒಂದು ಕಲ್ಲಿದೆ. ಅದನ್ನು ಅವನ ತಾಯಿ ಸಿರಿಯವ್ವೆ ಎಂದು ಪೂಜಿಸುತ್ತಾರೆ. ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿಗೆ ದನ ಕುರಿ ಕಾಯುವವರ ಕಮರಹಟ್ಟಿ ಎಂಬ ಹಟ್ಟಿಯಿತ್ತು. ಆ ಹಟ್ಟಿಯ ಹೆಂಗಸರು ವರ್ಷಕ್ಕೊಮ್ಮೆ ಬಂದು ಆ ಕಲ್ಲಿಗೆ ಮಡಿಲಕ್ಕಿ ಕೊಟ್ಟು ಹೋಗುತ್ತಿದ್ದರು. ಮದುವೆಯಾದ ಮಗಳಿಗೆ ತವರಿನವರು ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಬುಸದ ಕಣ, ಬಳೆ ತುಂಬಿ ಕಳಿಸುವುದಿಲ್ಲವೇ, ಅದೇ. ಸಿರಿಯವ್ವೆ ತಮ್ಮ ಹಟ್ಟಿಯ ಮಗಳು, ಕೊಟ್ಟ ಮನೆಯಲ್ಲಿದ್ದಾಳೆ, ತಾವು ತವರಿನವರು ಎಂಬುದು ಅವರ ನಂಬಿಕೆ.

ಮೂರು ವರ್ಷಗಳ ಹಿಂದೆ ಗದ್ದಿಗೆಗೆ ಹೊಸ ಪಾರುಪತ್ತೇಗಾರರು ಬಂದಿದ್ದರು. ಪೂಜೆ, ಆಡಳಿತ, ಬಾಗಿಲ ಕೀಲಿ ಎಲ್ಲ ಅವರ ಕೈಯಲ್ಲಿ. ಪಂಡಿತನ ತಾಯಿ ದೂರದ ಪಟ್ಟಣವೊಂದರ ವಿದ್ವಾಂಸರ ಮನೆಯವಳು, ದನ ಕಾಯುವವರಿಗೂ ಅವಳಿಗೂ ಏನು ಸಂಬಂಧ ಎಂದು ಹೇಳಿ ಅವರು ಹಟ್ಟಿಯವರಿಗೆ ಬಾಗಿಲು ಹಾಕಿದರು. ಹಟ್ಟಿಯವರು ಅರ್ಜಿ ಕೊಟ್ಟರು. ಅಮಲ್ದಾರರು ಸಜ್ಜನರು. ಸತ್ಯ ತಿಳಿದು ಹುಕುಂ ಮಾಡೋಣ ಎಂದು ಕಾಗದವನ್ನು ನನ್ನ ಕಡೆಗೆ ತಳ್ಳಿದರು. ಸಿರಿಯವ್ವೆ ಹಟ್ಟಿಯವಳೆಂದು ನಾನು ಬರೆದರೆ ಬಾಗಿಲು ತೆರೆಯುತ್ತದೆ, ಬರೆಯದಿದ್ದರೆ ಇಲ್ಲ. ವಿಷಯ ಇಷ್ಟೇ.

ಕಾಗದ ಬಂದ ಮೂರನೆಯ ದಿನ, ನಾನು ಇಳಿದುಕೊಂಡಿದ್ದ ಚಳ್ಳಕೆರೆಯ ಮುಸಾಫಿರಖಾನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಬಂದು ಕೂತಿದ್ದಳು. ಹೆಸರು ಬೋರವ್ವ, ಹಟ್ಟಿಯವರ ಅರ್ಜಿ ಇವಳ ಹೆಸರಿನಲ್ಲೇ ಇತ್ತು. ಹಟ್ಟಿಯಿಂದ ನಡೆದೇ ಬಂದಿದ್ದಳು. ಮಡಿಲಕ್ಕಿ ಒಯ್ಯುವ ಹಕ್ಕು ಅವಳ ಮನೆತನದ ಹಿರಿಯ ಮಗಳದು. ಅವಳ ಮನೆಯಲ್ಲಿ ಉಳಿದಿದ್ದ ಹಿರಿಯ ಮಗಳು ಅವಳೊಬ್ಬಳೇ. ಮಾತಿನ ನಡುವೆ ಕೆಮ್ಮು ಬಂದರೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

“ನಂಗೆ ನೆಲ ಬ್ಯಾಡ, ತೀರ್ಥ ಪ್ರಸಾದ ಬ್ಯಾಡ ಸ್ವಾಮಿ,” ಎಂದಳು. “ಮಗಳು ಒಳಗೈದಾಳೆ. ಮೂರು ವರ್ಸ ಆತು, ತವರಿನೋರು ಯಾಕೋ ಬರ್ಲಿಲ್ಲ ಅಂತ ಬಾಗ್ಲು ನೋಡ್ತಾ ಕುಂತಿರ್ತಾಳೆ. ನಾನು ಸಾಯೋದ್ರೊಳಗೆ ಒಂದಪ ಮಡಿಲು ತುಂಬಿ ಬರ್ತೀನಿ. ಬಾಗ್ಲು ತಗಸ್ರಿ.”

ಐದು ನೂರು ವರ್ಷದ ಹಿಂದಿನ ಹೆಂಗಸಿನ ಬಗ್ಗೆ, ಹೋದ ವರ್ಷ ಧಾರೆ ಎರೆದು ಕೊಟ್ಟ ಮಗಳ ಬಗ್ಗೆ ಆಡುವಂತೆ ಆಡಿದಳು. ನನಗೆ ಒಳಗೊಳಗೇ ನಗು ಬಂತು. ಆದರೂ ಮುದುಕಿ ನನಗೆ ಹಿಡಿಸಿದಳು. ಎಲ್ಲವನ್ನೂ ನೋಡಿ ಬರೆಯುತ್ತೇನೆ ಎಂದು ಕಳಿಸಿದೆ.

ಆಧಾರಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಮೊದಲನೆಯದು ಪಂಡಿತನದೇ ಓಲೆಗರಿಯ ಗ್ರಂಥ. ಅದರ ಕೊನೆಯ ಪದ್ಯದಲ್ಲಿ ತಂದೆಯ ಹೆಸರು, ಗುರುವಿನ ಹೆಸರು, ಗುರುವಿನ ಗುರುವಿನ ಹೆಸರೂ ಇದ್ದವು. ತಾಯಿಯದು ಒಂದೇ ಮಾತು: ಸಿರಿಯವ್ವೆಯ ಬಸಿರಲ್ಲಿ ಹುಟ್ಟಿದವನು. ಊರಿಲ್ಲ, ಮನೆಯಿಲ್ಲ. ನೂರಾರು ಗಿಡಗಳ ಪೈಕಿ ಯಾವುದು ಯಾವ ಗುಡ್ಡದಲ್ಲಿ ಬೆಳೆಯುತ್ತದೆ ಎಂದು ಬರೆದ ಪುಣ್ಯಾತ್ಮ ಹೆತ್ತ ತಾಯಿ ಎಲ್ಲಿಯವಳೆಂದು ಬರೆಯಲಿಲ್ಲ. ನನಗೆ ಅವನ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಎರಡನೆಯದು ಪಾರುಪತ್ತೇಗಾರರು ತೋರಿಸಿದ ವಂಶಾವಳಿ. ಬಹಳ ಹಳೆಯದೆಂದು ಕಣ್ಣಿಗೊತ್ತಿಕೊಂಡು ಕೊಟ್ಟರು. ಅದು ಗಿರಣಿ ಕಾಗದ. ಬೆಳಕಿಗೆ ಹಿಡಿದರೆ ಕಂಪನಿಯ ನೀರುಗುರುತು ಕಾಣುತ್ತಿತ್ತು. ಬರೆದವನಿಗೆ ಹೆಚ್ಚೆಂದರೆ ನನ್ನ ವಯಸ್ಸಿರಬೇಕು. ಅದನ್ನು ಅಲ್ಲೇ ಪಕ್ಕಕ್ಕಿಟ್ಟೆ. ಎದುರು ಪಕ್ಷದ ಸುಳ್ಳು ಬಯಲಾದರೆ ನಮ್ಮ ಪಕ್ಷ ಗೆದ್ದಂತೆ ಎಂದು ಸಾಮಾನ್ಯವಾಗಿ ಜನ ತಿಳಿಯುತ್ತಾರೆ. ನಮ್ಮ ಕೆಲಸದಲ್ಲಿ ಹಾಗಿಲ್ಲ. ಅವನು ಸುಳ್ಳ ಎಂದರೆ ಇವನು ಸತ್ಯವಂತ ಎಂದು ಅರ್ಥವಲ್ಲ.

ಮೂರನೆಯದು ಹೆಳವ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಆಯಾ ಮನೆತನದ ಹಿರಿಯರ ಹೆಸರುಗಳನ್ನು ಮೂಲದಿಂದ ಹೇಳಿ ಧಾನ್ಯ ಪಡೆಯುವವರು ಹೆಳವರು. ಕಮರಹಟ್ಟಿಯ ಹೆಳವನನ್ನು ಕರೆಸಿ, ಸಿರಿಯವ್ವೆಯ ಭಾಗ ಮಾತ್ರ ಹೇಳು ಎಂದೆ. ನಡುವೆ ಶುರು ಮಾಡಲು ಬರುವುದಿಲ್ಲ, ಮೊದಲಿನಿಂದಲೇ ಬರಬೇಕು ಎಂದ. ಬೆಳಿಗ್ಗೆ ಹಿಡಿದವನು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಬಂದ. ‘ಸಿರಿಯವ್ವ ಅಂಬೋ ಮಗಳ್ನ ಪಂಡಿತರ ಮನಿಗೆ ಕೊಟ್ರು, ದನಕ್ಕೆ ನೀರಿನ ತೊಟ್ಟಿ ಕಟ್ಟಿಸಿದ್ಲು’ ಎಂದು ಹೇಳಿ ಮುಂದಕ್ಕೆ ಹೋದ. ಅದನ್ನು ತಕ್ಷಣ ಬರೆದುಕೊಂಡೆ. ಆದರೆ ಹೆಳವನಿಗೆ ಕಾಳು ಹಾಕುವವರು ಹಟ್ಟಿಯವರೇ. ಉಂಡ ಮನೆಯ ಪರವಾಗಿ ಆಡಿದ ಮಾತು ಒಂಟಿಯಾಗಿ ನಿಲ್ಲುವುದಿಲ್ಲ. ಜೊತೆಗೆ ಇನ್ನೊಂದು ಬೇಕು.

ಆ ಇನ್ನೊಂದು ಇತ್ತು. ಹಟ್ಟಿಯ ಹೊರಗೆ ಕಮರದ ಮರದ ಕೆಳಗೆ ನಾಲ್ಕಡಿ ಎತ್ತರದ ಶಾಸನ ನಿಂತಿತ್ತು. ಹದಿನಾಲ್ಕು ಸಾಲು. ನನಗಿಂತ ಹಿಂದೆ ಆ ಕಡೆ ಹೋಗಿದ್ದ ಸಹಾಯಕರೊಬ್ಬರು ಮೊದಲ ಹನ್ನೊಂದು ಸಾಲು ಬರೆದುಕೊಂಡು, ಕೊನೆಯ ಮೂರು ಸಾಲು ಸವೆದಿವೆ, ಓದಲಾಗದು ಎಂದು ರಿಪೋರ್ಟಿನಲ್ಲಿ ಅಚ್ಚು ಹಾಕಿಸಿದ್ದರು. ಓದಿದಷ್ಟರಲ್ಲಿ, ಪಂಡಿತನ ತಾಯಿ ದನಗಳಿಗೆ ನೀರಿನ ತೊಟ್ಟಿ ಕಟ್ಟಿಸಿದಳು ಎಂದಿತ್ತು. ಹೆಳವನ ಮಾತಿಗೂ ಇದಕ್ಕೂ ತಾಳೆಯಾಗುತ್ತಿತ್ತು. ಅವಳು ಯಾರ ಮಗಳು, ಯಾವ ಊರಿನವಳು ಎಂಬುದು ವಾಡಿಕೆಯಂತೆ ಕೊನೆಗೆ ಬರಬೇಕು. ಅಂದರೆ ಸವೆದ ಆ ಮೂರು ಸಾಲಿನಲ್ಲಿ.

ಸವೆದ ಸಾಲುಗಳೆಂದರೆ ನನಗೆ ಹಬ್ಬ. ಎಸ್ಟಾಂಪೇಜ್ ಎಂಬ ವಿಧಾನವಿದೆ. ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಬ್ರಷ್ಷಿನಿಂದ ಬಡಿದು ಬಡಿದು ಪ್ರತಿ ತಗ್ಗಿನೊಳಕ್ಕೂ ಕೂರಿಸಬೇಕು. ಆಮೇಲೆ ಮಸಿಯ ಉಂಡೆಯಿಂದ ಮೇಲೆ ಒತ್ತಿದರೆ ಕಾಗದವೆಲ್ಲ ಕಪ್ಪಾಗಿ, ತಗ್ಗಿನ ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಕಣ್ಣಿಗೆ ಕಾಣದ ಗೆರೆಯೂ ಕಾಗದಕ್ಕೆ ಸಿಕ್ಕುತ್ತದೆ. ಈ ಮೂರು ಸಾಲು ನನ್ನ ಕೈ ತಪ್ಪುವುದಿಲ್ಲ ಎಂದು ಖಾತ್ರಿಯಾಗಿತ್ತು.

ಹೊರಡುವ ಮೊದಲು ವಾಡಿಕೆಯಂತೆ ಒಂದು ನೋಟೀಸು ಕಳಿಸಿದೆ. ಅದರ ಒಕ್ಕಣೆ ಇವತ್ತಿಗೂ ನನಗೆ ಬಾಯಿಪಾಠ. ‘ತಪಾಸಣೆಯ ದಿನಕ್ಕೆ ಕಲ್ಲು ಶುಚಿಯಾಗಿರತಕ್ಕದ್ದು. ಅಕ್ಷರಗಳು ಓದಲು ಬರುವಂತಿರತಕ್ಕದ್ದು. ಓದಲು ಬಾರದ ಶಾಸನವನ್ನು ಆಧಾರವೆಂದು ಗಣಿಸಲಾಗುವುದಿಲ್ಲ.’ ಸುತ್ತಲಿನ ಮುಳ್ಳು ಕಡಿದು, ಹಚ್ಚಿದ ಎಣ್ಣೆ ಅರಿಶಿನ ತೊಳೆದಿಡಲಿ ಎಂಬುದಷ್ಟೇ ನನ್ನ ಉದ್ದೇಶ. ಶಾನುಭೋಗರು ಹಟ್ಟಿಗೆ ಹೋಗಿ ಅದನ್ನು ಓದಿ ಹೇಳಿದರು. ಬೇರೆ ಕೆಲಸಗಳು ಅಡ್ಡ ಬಂದು ನಾನು ಹಟ್ಟಿಗೆ ತಲುಪಿದ್ದು ಇಪ್ಪತ್ತು ದಿನಗಳ ಮೇಲೆ.

ಗಾಡಿ ಇಳಿಯುತ್ತಲೇ ಹಟ್ಟಿಯ ಜನವೆಲ್ಲ ಎದುರು ಬಂದರು. ಸಾರಿಸಿ ರಂಗೋಲಿ ಹಾಕಿದ್ದರು. ಬೋರವ್ವ ಒಗೆದ ಸೀರೆ ಉಟ್ಟಿದ್ದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕಮರದ ಮರದ ಕೆಳಗೆ ಶಾಸನ ತೊಳೆದು ನಿಂತಿತ್ತು. ಮೇಲಿನ ಹನ್ನೊಂದು ಸಾಲು ಹಳೆಯ ಕಲ್ಲಿನ ಬಣ್ಣ. ಕೆಳಗಿನ ಮೂರು ಸಾಲು ಅಕ್ಕಿಹಿಟ್ಟು ತುಂಬಿದಂತೆ ಬೆಳ್ಳಗೆ ಹೊಳೆಯುತ್ತಿದ್ದವು. ನಾಲ್ಕು ಮಾರು ದೂರದಿಂದಲೇ ಓದಬಹುದಿತ್ತು: ಸಿರಿಯವ್ವೆ, ಇಂಥವನ ಮಗಳು, ಕಮರಹಟ್ಟಿಯವಳು.

ಅಲ್ಲೇ ಗಾಡಿಯ ಮೂಕಿಯ ಮೇಲೆ ಕೂತೆ.

“ಯಾರು ಮಾಡಿದ್ದು ಇದನ್ನ?” ಎಂದು ಕೇಳಿದೆ.

“ಕಲ್ಲಿಗೆ ಉಳಿ ಹೊಡೆಯೋನ್ನ ಕರಿಸಿದ್ವಿ ಸ್ವಾಮಿ,” ಎಂದಳು ಬೋರವ್ವ, ಹೆಮ್ಮೆಯಿಂದ. “ಬೀಸೋ ಕಲ್ಲು ನುಣ್ಣಗಾದ್ರೆ ವರ್ಸಕ್ಕೊಂದಪ ಹೊಡಿಸಾಕಿಲ್ವಾ, ಹಂಗೆ. ಓದಾಕೆ ಬರಂಗೆ ಇರ್ಬೇಕು ಅಂತ ನಿಮ್ ಕಾಗದ ಬಂದಿತ್ತಲ್ಲ. ಓದಾಕೆ ಬರ್ಲಿಲ್ಲ ಅಂದ್ರೆ ಲೆಕ್ಕಕ್ಕಿಲ್ಲ ಅಂದ್ರು ಶಾನುಭೋಗ್ರು.”

ಉಳಿ ಹೊಡೆದವನನ್ನೂ ಕರೆಸಿದೆ. ರಾಯದುರ್ಗದ ಕಡೆಯವನು, ತೆಲುಗು ಮಾತು. ನಾನು ಗದರಿದ್ದಕ್ಕೆ ನಡುಗುತ್ತಾ, “ನಾಕು ಚದುವು ರಾದು ಸಾಮಿ” ಎಂದ. ತನಗೆ ಓದು ಬರುವುದಿಲ್ಲ, ಮುದುಕಿ ಬೆರಳಿಟ್ಟು ತೋರಿಸಿದ ಕಡೆ ಹೊಡೆದೆ, ಅಷ್ಟೇ, ಎಂದು ಹೇಳಿದ. ಅವನದೇನು ತಪ್ಪು? ಮನೆಮನೆಯ ಬೀಸುಕಲ್ಲಿಗೆ ಮಾಡುವುದನ್ನೇ ಇಲ್ಲಿಯೂ ಶ್ರದ್ಧೆಯಿಂದ ಮಾಡಿದ್ದ.

ಹಟ್ಟಿಯ ಹೆಂಗಸರು ಅಮ್ಮ ಅಜ್ಜಿಯರ ಕಾಲದಿಂದ ಪ್ರತಿ ವರ್ಷ ಆ ಕಲ್ಲಿನ ಸಾಲುಗಳಿಗೆ ಬೆರಳಿನಿಂದ ಅರಿಶಿನ ತುಂಬುತ್ತಾ ಬಂದಿದ್ದರು. ಒಂದಕ್ಷರ ಓದಲು ಬಾರದಿದ್ದರೂ ಯಾವ ಗೆರೆ ಎಲ್ಲಿ ಬಾಗುತ್ತದೆಂದು ಬೋರವ್ವನ ಬೆರಳಿಗೆ ಗೊತ್ತಿತ್ತು. ಅವಳು ತೋರಿಸಿದ್ದು ಹಳೆಯ ಗೆರೆಯನ್ನೇ ಆಗಿದ್ದರೆ ಅದರ ಗುರುತು ಉಳಿದಿರಬಹುದು, ಅದೇ ನನ್ನ ಕೊನೆಯ ಆಸೆಯಾಯಿತು. ಎಸ್ಟಾಂಪೇಜ್ ತೆಗೆದೆ. ಹಳೆಯ ಅಕ್ಷರದ ಅಂಚು ಮಳೆ ಗಾಳಿಗೆ ಮೆತ್ತಗಾಗಿ ಕಾಗದದ ಮೇಲೆ ಮಸುಕಾಗಿ ಬರುತ್ತದೆ, ಹೊಸದರ ಅಂಚು ಚೂಪಾಗಿ ಬರುತ್ತದೆ. ಮೂರು ಸಾಲೂ ಉದ್ದಕ್ಕೂ ಚೂಪು. ಉಳಿಯ ಕೆಳಗೆ ಹಳೆಯ ಗೆರೆ ಇತ್ತೋ ಇಲ್ಲವೋ, ಇದ್ದರೂ ಪುಡಿಯಾಗಿ ಹೋಗಿತ್ತು.

ಇನ್ನು ಉಳಿದದ್ದು ಬೋರವ್ವನ ಬಾಯಿ. ಅವಳನ್ನು ಕಲ್ಲಿನ ಪಕ್ಕಕ್ಕೆ ಕೂರಿಸಿಕೊಂಡು, ಒಂದೊಂದು ಅಕ್ಷರದ ಮೇಲೂ ಕೈಯಿಟ್ಟು, ಇಲ್ಲಿ ನಿನ್ನ ಬೆರಳಿಗೆ ಮೊದಲು ಗೆರೆ ಸಿಕ್ಕುತ್ತಿತ್ತೇ ಎಂದು ಕೇಳುತ್ತಾ ಹೋದೆ. ಸಿರಿಯವ್ವೆಯ ಹೆಸರಿನಲ್ಲಿ ಸಿಕ್ಕುತ್ತಿತ್ತು ಎಂದಳು. ತಂದೆಯ ಹೆಸರಿನಲ್ಲಿ ಅರ್ಧ ಸಿಕ್ಕುತ್ತಿತ್ತು ಎಂದಳು. ಹಟ್ಟಿಯ ಹೆಸರಿನ ಮೇಲೆ ಕೈಯಿಟ್ಟೆ. ಇಲ್ಲಿಯೂ ಸಿಕ್ಕುತ್ತಿತ್ತು ಎಂದು ಅವಳು ಒಂದು ಮಾತು ಹೇಳಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ನಿಜ. ಹೇಳಿದ್ದರೆ ಅದರ ಆಧಾರದ ಮೇಲೆ ಏನಾದರೂ ಬರೆಯುತ್ತಿದ್ದೆ.

ಬೋರವ್ವ ಸ್ವಲ್ಪ ಹೊತ್ತು ಕಲ್ಲನ್ನು ಸವರಿದಳು. “ಇಲ್ಲಿ ಸಿಗ್ತಿರ್ಲಿಲ್ಲ ಸ್ವಾಮಿ. ಇಲ್ಲಿ ಕಲ್ಲು ಚಕ್ಕೆ ಎದ್ದಿತ್ತು. ಹೆಳವ ಹೇಳೋ ಹೆಸ್ರನ್ನ ಶಾಲೆ ಮೇಷ್ಟ್ರು ಸುಣ್ಣದಾಗೆ ಬರ್ದು ಕೊಟ್ರು, ಅದನ್ನ ಹೊಡಿಸಿದ್ವಿ,” ಎಂದಳು. ಆಮೇಲೆ ನನ್ನ ಮುಖ ನೋಡಿ, “ಯಾಕೆ ಸ್ವಾಮಿ, ತಪ್ಪಾತಾ?” ಎಂದು ಕೇಳಿದಳು.

ಕಾಗದ ಸುತ್ತಿಕೊಂಡು ಗಾಡಿ ಹತ್ತಿದೆ.

ಸಿರಿಯವ್ವೆ ಆ ಹಟ್ಟಿಯ ಮಗಳೇ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಪಂಡಿತರ ಮನೆಯ ಸೊಸೆ ತನ್ನೂರ ದನಗಳಲ್ಲದೆ ಬೇರೆ ಯಾರ ದನಗಳಿಗೆ ಅಷ್ಟು ದೂರ ಬಂದು ತೊಟ್ಟಿ ಕಟ್ಟಿಸುತ್ತಾಳೆ? ಆದರೆ ಅನಿಸಿದ್ದನ್ನು ಬರೆಯುವ ಕೆಲಸ ನನ್ನದಲ್ಲ. ಹಿಂದಿನವರು ಸವೆದಿದೆ ಎಂದು ಅಚ್ಚು ಹಾಕಿಸಿದ ಸಾಲುಗಳು ಈಗ ನಿಚ್ಚಳವಾಗಿವೆ ಎಂದರೆ ಪಾರುಪತ್ತೇಗಾರರು ಬಿಡುತ್ತಾರೆಯೇ? ರಿಪೋರ್ಟು ಬರೆದೆ. ಪಾರುಪತ್ತೇಗಾರರ ವಂಶಾವಳಿ ಇತ್ತೀಚಿನದು, ನಂಬಲರ್ಹವಲ್ಲ. ಗ್ರಂಥದಲ್ಲಿ ತಾಯಿಯ ಊರಿಲ್ಲ. ಹೆಳವನ ಸಾಕ್ಷ್ಯ ಪಕ್ಷಪಾತದ್ದು. ಶಾಸನದ ಕೊನೆಯ ಮೂರು ಸಾಲುಗಳನ್ನು ಹಟ್ಟಿಯವರು ಹೊಸದಾಗಿ ಕೆತ್ತಿಸಿದ್ದಾರೆ. ತಾಯಿಯ ಮೂಲವನ್ನು ನಿರ್ಧರಿಸಲು ಆಧಾರ ಸಾಲದು.

ಹಟ್ಟಿಯವರು ಹೊಸದಾಗಿ ಕೆತ್ತಿಸಿದ್ದಾರೆ ಎಂದು ಬರೆದವನು, ಏಕೆ ಕೆತ್ತಿಸಿದರು ಎಂದು ಬರೆಯಲಿಲ್ಲ. ನನ್ನ ನೋಟೀಸಿನ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದ್ದರೆ, ಇವರು ಮೋಸಗಾರರಲ್ಲ, ಸರ್ಕಾರದ ಮಾತು ನಡೆಸಲು ಹೋಗಿ ಕೆಟ್ಟವರು ಎಂದು ಅಮಲ್ದಾರರಿಗೆ ತಿಳಿಯುತ್ತಿತ್ತು. ಹಳೆಯ ವಾಡಿಕೆ ಹಾಗೇ ನಡೆಯಲಿ ಎಂದು ಅವರು ಹುಕುಂ ಮಾಡುತ್ತಿದ್ದರೇನೋ. ಆದರೆ ಶಾಸನ ಓದುವವನೇ ಶಾಸನ ಕೆಡಿಸಿದ ಎಂದು ಮೇಲಿನ ಕಚೇರಿಯಲ್ಲಿ ನಗುತ್ತಾರಲ್ಲ ಎಂದು ನನಗೆ ಭಯ. ಬಡ್ತಿಯ ವರ್ಷ ಬೇರೆ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಅನ್ನುತ್ತಾರೆ. ಅದನ್ನು ನಾನು ಒಳ್ಳೆಯ ಇಂಗ್ಲಿಷಿನಲ್ಲಿ, ನಾಲ್ಕು ಪುಟಗಳಲ್ಲಿ ಮಾಡಿದೆ.

ಅಮಲ್ದಾರರ ಹುಕುಂ ಚಿಕ್ಕದಾಗಿತ್ತು. ಮೂಲ ರುಜುವಾತಾಗಿಲ್ಲ, ರುಜುವಾತಾಗುವ ತನಕ ಈಗಿರುವ ಸ್ಥಿತಿಯೇ ಮುಂದುವರಿಯತಕ್ಕದ್ದು. ಈಗಿರುವ ಸ್ಥಿತಿ ಎಂದರೆ ಹಾಕಿದ ಬಾಗಿಲು. ಪಾರುಪತ್ತೇಗಾರರ ಕಾಗದ ಸುಳ್ಳು ಎಂದು ನಾನು ಬರೆದದ್ದರಿಂದ ಅವರಿಗೆ ಕೂದಲೂ ಕೊಂಕಲಿಲ್ಲ. ಅವರು ಏನನ್ನೂ ರುಜುವಾತು ಮಾಡಬೇಕಾಗಿರಲಿಲ್ಲ, ಕೀಲಿ ಅವರ ಹತ್ತಿರವಿತ್ತು.

ಹುಕುಂ ಹೊರಟ ವಾರದಲ್ಲಿ ಬೋರವ್ವ ಮತ್ತೆ ಚಳ್ಳಕೆರೆಗೆ ಬಂದಳು. ಈ ಸಲ ನಡೆಯಲಾರದೆ ಯಾರದೋ ಹುಲ್ಲಿನ ಗಾಡಿಯಲ್ಲಿ ಬಂದಿದ್ದಳು. ಮಧ್ಯಾಹ್ನದ ಬಿಸಿಲು. ಜಗಲಿಯ ಕಂಬಕ್ಕೆ ಒರಗಿ ಕೂತು, ಏನು ಬರೆದಿರಿ, ಓದಿ ಹೇಳಿ ಎಂದಳು. ಕೊನೆಯ ವಾಕ್ಯವನ್ನು ಕನ್ನಡ ಮಾಡಿ ಹೇಳಿದೆ.

“ಅಂದ್ರೆ ಆಕೀಗೆ ತವರೇ ಇಲ್ಲ ಅಂತಾನಾ?”

“ಇಲ್ಲ ಅಂತಲ್ಲವ್ವ. ಗೊತ್ತಾಗಲಿಲ್ಲ ಅಂತ.”

“ಒಳಗೆ ಕುಂತೋಳಿಗೆ ಎರಡೂ ಒಂದೇ ಅಲ್ವಾ ಸ್ವಾಮಿ,” ಎಂದಳು. ಸಿಟ್ಟಿರಲಿಲ್ಲ. ನೀರು ಕೇಳಿದಳು, ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟಳು. ಹೋಗಲು ಎದ್ದವಳು ಮೆಟ್ಟಿಲ ಹತ್ತಿರ ತಿರುಗಿ ನಿಂತಳು.

“ಬಾಗ್ಲು ತಗಿಯಾಕಿಲ್ಲ, ಆಗ್ಲಿ. ಅದು ನನ್ ಹಣೇಬರ. ಆ ಕಲ್ಲು ಹೊಡಿಸಿದ್ದು ಕಳ್ತನ ಅಂತ ಊರಾಗೆ ಆಡ್ಕಂತಾರೆ ಸ್ವಾಮಿ. ಮಗಳ ಹೆಸ್ರಾಗೆ ನಾವು ಕಳ್ಳರು ಅನ್ನಿಸ್ಕೊಂಡ್ವಿ. ನೀವು ಹೇಳಿದಂಗೆ ನಾವು ಮಾಡಿದ್ವಿ ಅಂಬೋದಾದ್ರೂ ಬರ್ದೀರಿ ತಾನೇ?”

“ಬರೆದಿದ್ದೇನೆ ಕಣವ್ವ,” ಎಂದೆ.

“ಅಷ್ಟು ಸಾಕು,” ಎಂದಳು. ಕೈ ಮುಗಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಿಸಿಲಿಗಿಳಿದು ಗಾಡಿಯ ಕಡೆಗೆ ಹೋದಳು. ನನ್ನ ಕೈಯಲ್ಲಿ ಆ ರಿಪೋರ್ಟು ಇತ್ತು, ಆ ಮಾತು ಅದರಲ್ಲಿ ಇರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ.

ಮಾರನೆಯ ವರ್ಷ ನೋಟೀಸಿನ ವಿಷಯವನ್ನು ಬರೆದು ಒಂದು ಪೂರಕ ಪತ್ರ ಕಳಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಷ್ಟರಲ್ಲಿ ಆ ಅಮಲ್ದಾರರಿಗೆ ವರ್ಗವಾಗಿತ್ತು. ಪ್ರಕರಣ ಮುಗಿದಿದೆ, ಅರ್ಜಿದಾರಳು ತೀರಿಕೊಂಡಿದ್ದಾಳೆ, ಮುಂದಿನ ಕ್ರಮ ಅಗತ್ಯವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಹಟ್ಟಿಯಿಂದ ಮತ್ತೆ ಯಾರೂ ಅರ್ಜಿ ಕೊಡಲಿಲ್ಲ. ಹದಿನೈದು ವರ್ಷದ ಮೇಲೆ ಗದ್ದಿಗೆಗೆ ಹೋಗಿದ್ದಾಗ ವಿಚಾರಿಸಿದೆ. ಹೊರಗಿನವರು ಒಳಗೆ ಬರುವ ಪದ್ಧತಿ ಇಲ್ಲಿ ಎಂದೂ ಇರಲಿಲ್ಲ ಎಂದು ಪೂಜೆ ಮಾಡುವವರು ಹೇಳಿದರು. ಅವರು ಹೊಸಬರು, ಅವರಿಗೆ ಅದು ನಿಜವೇ.

ಆಮೇಲೆ ನಾನು ನೋಟೀಸು ಬರೆದಾಗಲೆಲ್ಲ ಮೊದಲ ಸಾಲು ‘ಕಲ್ಲನ್ನು ಮುಟ್ಟಬೇಡಿ, ಇದ್ದಂತೆಯೇ ಬಿಡಿ’ ಎಂದಿರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಅದನ್ನೇ ಹೇಳಿಕೊಟ್ಟೆ. ಇನ್ನೊಂದು ಮಾತನ್ನೂ ಹೇಳುತ್ತಿದ್ದೆ. ಆಧಾರ ಸಾಲದು ಎಂದು ಬರೆದರೆ ಯಾರ ಪರವೂ ಬರೆದಂತಲ್ಲ ಎಂದು ತಿಳಿಯಬೇಡಿ, ಅದು ಯಾವಾಗಲೂ ಕೀಲಿ ಇಟ್ಟುಕೊಂಡವನ ಪರ, ಬರೆಯುವ ಮೊದಲು ಕೀಲಿ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ, ಎಂದು. ಬೋರವ್ವನಿಗೆ ನಾನು ಹೇಳಿದ ಸುಳ್ಳನ್ನು ಮಾತ್ರ ಅವರಲ್ಲಿ ಯಾರಿಗೂ ಹೇಳಿರಲಿಲ್ಲ. ಇಲ್ಲೇ ಮೊದಲು ಬರೆಯುತ್ತಿದ್ದೇನೆ.